ತುರ್ಕಿ ಭಾಷೆಯಲ್ಲಿ ‘ಎವ್ ಬಕಿಯೊರುಜ್’ ಬೇರೆ, ‘ಎವೆ ಬಕಿಯೊರುಜ್’ ಬೇರೆ. ಯಾಕೆ?

ಬೋಸ್ಫರಸ್ ದಂಡೆ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವನು. ಕೆಲಸದ ಮೇಲೆ ಇಸ್ತಾಂಬುಲಿಗೆ ಬಂದು ಒಂದೂವರೆ ವರ್ಷ ಆಯಿತು. ಏಷ್ಯಾ ಕಡೆಯ ಕಾದಿಕೋಯ್‌ನಲ್ಲಿ ಇದ್ದೇವೆ. ಸಂಜೆ ಕ್ಲಾಸಿಗೆ ಹೋಗಿ ತುರ್ಕಿ ಕಲಿಯುತ್ತಿದ್ದೇನೆ. ಒಂದು ವಿಷಯ ಬಗೆಹರಿಯುತ್ತಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕಳೆದ ತಿಂಗಳು ನಾವು ಬಾಡಿಗೆಗೆ ಬೇರೆ ಮನೆ ಹುಡುಕುತ್ತಿದ್ದೆವು. ಕೆಳಗಿನ ಮನೆಯ ತೆಯ್ಜೆ ಮೆಟ್ಟಿಲ ಹತ್ತಿರ ಸಿಕ್ಕರು. ತೆಯ್ಜೆ ಅಂದರೆ ಅಮ್ಮನ ಅಕ್ಕ ಅಥವಾ ತಂಗಿ, ಆದರೆ ವಯಸ್ಸಾದ ಯಾವ ಹೆಂಗಸನ್ನೂ ಇಲ್ಲಿ ಹಾಗೇ ಕರೆಯುತ್ತಾರೆ. ದಿನಾ ಎಲ್ಲಿಗೆ ಓಡಾಡುತ್ತೀರಿ ಎಂದು ಕೇಳಿದರು. ನಾನು ‘ಎವೆ ಬಕಿಯೊರುಜ್’ ಎಂದೆ. ‘ಮನೆ ನೋಡ್ತಾ ಇದ್ದೀವಿ’ ಅನ್ನುವುದು ನನ್ನ ಮನಸ್ಸಿನಲ್ಲಿದ್ದದ್ದು. ಅವರು ಗಾಬರಿಯಾಗಿ ‘ಕಿಮಿನ್ ಎವಿನೆ?’ ಎಂದು ಕೇಳಿದರು. ‘ಯಾರ ಮನೆಗೆ?’ ಅಂತ. ಯಾರದೋ ಮನೆಯನ್ನು ನಾವು ನೋಡಿಕೊಳ್ಳುತ್ತಿದ್ದೇವೆ ಎಂದುಕೊಂಡಿದ್ದರು. ಬಾಡಿಗೆ, ಬೀಗದ ಕೈ ಅಂತೆಲ್ಲ ವಿವರಿಸಿದ ಮೇಲೆ ‘ಹಾ! ಎವ್ ಬಕಿಯೊರ್ಸುನುಜ್’ ಎಂದರು. ಒಂದು ‘ಎ’ ಹೋಯಿತು, ಅರ್ಥವೇ ಬದಲಾಯಿತು.

ಬಕ್ಮಕ್ (ನೋಡು) ಎಂಬ ಕ್ರಿಯಾಪದಕ್ಕೆ ಯಾವಾಗಲೂ ‘ಎ/ಅ’ ಪ್ರತ್ಯಯ (ನಮ್ಮ ‘ಗೆ’) ಬೇಕು ಅಂತ ಕ್ಲಾಸಿನಲ್ಲಿ ಬಾಯಿಪಾಠ ಮಾಡಿಸಿದ್ದರು. ಹಾಗಾದರೆ ಇಲ್ಲಿ ಎಲ್ಲಿ ಹೋಯಿತು? ಇನ್ನೂ ಇದೆ. ‘ನಿನ್ನನ್ನು ಪ್ರೀತಿಸುತ್ತೇನೆ’ ಅನ್ನುವುದಕ್ಕೆ ಸೆನಿ ಸೆವಿಯೊರುಮ್, ಇಲ್ಲಿ ‘ಅನ್ನು’. ‘ನಿನ್ನನ್ನು ದ್ವೇಷಿಸುತ್ತೇನೆ’ ಅನ್ನುವುದಕ್ಕೆ ಸೆಂದೆನ್ ನೆಫ್ರೆತ್ ಎದಿಯೊರುಮ್, ಇಲ್ಲಿ ‘ಇಂದ’. ‘ನಿನ್ನನ್ನು ನಂಬುತ್ತೇನೆ’ ಅನ್ನುವುದಕ್ಕೆ ಸನಾ ಇನನಿಯೊರುಮ್, ಇಲ್ಲಿ ‘ಗೆ’. ಇದಕ್ಕೆ ಏನಾದರೂ ನಿಯಮ ಇದೆಯಾ, ಅಥವಾ ಸುಮ್ನೆ ಬಾಯಿಪಾಠವೇ ಗತಿಯಾ?

(ತುರ್ಕಿಯಲ್ಲಿ ಚುಕ್ಕೆ ಇಲ್ಲದ ‘ಐ’ ಅಕ್ಷರ ಒಂದಿದೆ. ಅದರ ಉಚ್ಚಾರಕ್ಕೆ ಕನ್ನಡದಲ್ಲಿ ಸರಿಯಾದ ಅಕ್ಷರ ಇಲ್ಲ. ‘ಇ’ ಎಂದೇ ಬರೆದಿದ್ದೇನೆ.)

ವಿಭಕ್ತಿ ಮೇಷ್ಟ್ರು

ಒಳ್ಳೆಯ ಪ್ರಶ್ನೆ. ಪೂರ್ತಿ ನಿಯಮವೂ ಅಲ್ಲ, ಪೂರ್ತಿ ಬಾಯಿಪಾಠವೂ ಅಲ್ಲ. ನಾನು ಕಾಲೇಜಿನಲ್ಲಿ ಭಾಷಾಶಾಸ್ತ್ರ ಪಾಠ ಮಾಡುವವನು. ತುರ್ಕಿಯ ಈ ಭಾಗ ನನಗೆ ತುಂಬಾ ಇಷ್ಟವಾದದ್ದು, ಹಾಗಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಎರಡು ಬಾಗಿಲು ಇವೆ ಅಂದುಕೊಳ್ಳಿ. ಮೊದಲ ಬಾಗಿಲಲ್ಲಿ ಕ್ರಿಯಾಪದ ನಿಂತಿರುತ್ತದೆ. ‘ನನ್ನ ಕರ್ಮಕ್ಕೆ ಅನ್ನು ಬೇಕು’ ಅಥವಾ ‘ಗೆ ಬೇಕು’ ಅಥವಾ ‘ಇಂದ ಬೇಕು’ ಎಂದು ಅದು ಹೇಳುತ್ತದೆ. ನಾಮಪದ ಯಾವುದೇ ಇರಲಿ, ಇಲ್ಲಿ ಅದರ ಮಾತು ನಡೆಯುವುದಿಲ್ಲ. ಕ್ರಿಯಾಪದ ‘ಅನ್ನು’ ಕೇಳಿದರೆ ಮಾತ್ರ ಎರಡನೇ ಬಾಗಿಲು ಬರುತ್ತದೆ. ಅಲ್ಲಿ ನಾಮಪದದ ವಿಚಾರಣೆ. ಇದು ಗೊತ್ತಿರುವ ವಸ್ತುವಾ, ಅಥವಾ ಯಾವುದೋ ಒಂದಾ? ಗೊತ್ತಿರುವುದಾದರೆ ಪ್ರತ್ಯಯ ಹಚ್ಚಬೇಕು, ಇಲ್ಲದಿದ್ದರೆ ಬಿಡಬೇಕು.

ಎರಡನೇ ಬಾಗಿಲನ್ನೇ ಮೊದಲು ನೋಡೋಣ, ಅದು ನಮಗೆ ಸುಲಭ. ಕಿತಾಪ್ ಅಂದರೆ ಪುಸ್ತಕ, ನಮ್ಮ ಕಿತಾಬೇ. ಒಕುದುಮ್ ಅಂದರೆ ಓದಿದೆ.

ಕಿತಾಪ್ ಒಕುದುಮ್: ಪುಸ್ತಕ ಓದಿದೆ. ಒಂದೋ ನಾಲ್ಕೋ, ಯಾವುದೋ.
ಕಿತಾಬಿ ಒಕುದುಮ್: ಆ ಪುಸ್ತಕವನ್ನು ಓದಿದೆ.
ಬಿರ್ ಕಿತಾಪ್ ಒಕುದುಮ್: ಒಂದು ಪುಸ್ತಕ ಓದಿದೆ.
ಬಿರ್ ಕಿತಾಬಿ ಒಕುದುಮ್: ಒಂದು ಪುಸ್ತಕವನ್ನು ಓದಿದೆ, ಯಾವುದು ಅಂತ ನನ್ನ ಮನಸ್ಸಿನಲ್ಲಿದೆ.

ಕೊನೆಯದನ್ನು ಗಮನಿಸಿ. ‘ಬಿರ್’ (ಒಂದು) ಇದ್ದರೂ ಪ್ರತ್ಯಯ ಬಂದಿದೆ. ಅಂದರೆ ಇದು ಕೇಳುಗನಿಗೆ ಗೊತ್ತಿದೆಯೋ ಇಲ್ಲವೋ ಎಂಬ ಲೆಕ್ಕವಲ್ಲ. ಮ್ಯುರ್ವೆತ್ ಎಂಚ್ ಅವರು 1991ರಲ್ಲಿ ಬರೆದ ಲೇಖನ ಈ ವಿಷಯದಲ್ಲಿ ಬಹಳ ಹೆಸರುವಾಸಿ. ಅವರ ಉದಾಹರಣೆ ಹೀಗಿದೆ. ‘ನನ್ನ ಕೋಣೆಗೆ ಕೆಲವು ಮಕ್ಕಳು ಬಂದರು’ ಎಂದು ಮೊದಲು ಹೇಳಿ, ಆಮೇಲೆ ‘ಇಕಿ ಕಿಜಿ ತನಿಯೊರ್ದುಮ್’ ಅಂದರೆ ಆ ಮಕ್ಕಳ ಪೈಕಿ ಇಬ್ಬರು ಹುಡುಗಿಯರು ನನಗೆ ಪರಿಚಯ. ‘ಇಕಿ ಕಿಜ್ ತನಿಯೊರ್ದುಮ್’ ಅಂದರೆ ಆ ಗುಂಪಿಗೆ ಸೇರದ ಬೇರೆ ಯಾರೋ ಇಬ್ಬರು. ಹಿಂದೆ ಹೇಳಿದ ಗುಂಪಿಗೆ ಕೈ ಚಾಚಿ ಹಿಡಿದುಕೊಳ್ಳುವುದೇ ಆ ಸಣ್ಣ ‘ಇ’ಯ ಕೆಲಸ. ತುರ್ಕಿ ಶಾಲೆಗಳಲ್ಲಿ ಈ ವಿಭಕ್ತಿಗೆ ‘ಬೆಲಿರ್ತ್ಮೆ’ ಎನ್ನುತ್ತಾರೆ. ಗುರುತು ಮಾಡಿ ತೋರಿಸುವುದು ಅಂತ ಅರ್ಥ. ಹೆಸರು ಚೆನ್ನಾಗಿ ಒಪ್ಪುತ್ತದೆ.

ಈಗ ಮೊದಲ ಬಾಗಿಲು. ಬಿನ್ಮೆಕ್ (ಹತ್ತು) ‘ಗೆ’ ಕೇಳುತ್ತದೆ. ಬಸ್ಸು ಯಾವುದೇ ಇರಲಿ, ಒತೊಬುಸೆ ಬಿಂದಿಮ್. ‘ಯಾವುದೋ ಬಸ್ ಹತ್ತಿದೆ’ ಎಂದರೂ ‘ಎ’ ಬಿಡುವಂತಿಲ್ಲ. ಕೊರ್ಕ್ಮಕ್ (ಹೆದರು) ‘ಇಂದ’ ಕೇಳುತ್ತದೆ. ಕೋಪೆಕ್ತೆನ್ ಕೊರ್ಕಾರಿಮ್, ನಾಯಿ ಕಂಡರೆ ನನಗೆ ಭಯ. ಇದು ಪ್ರಪಂಚದ ಎಲ್ಲ ನಾಯಿಗಳ ಮಾತು, ಆದರೂ ‘ತೆನ್’ ಉಳಿಯುತ್ತದೆ. ಬರುವುದು ಹೋಗುವುದು ‘ಅನ್ನು’ ಒಂದರ ಹಣೆಬರಹ ಮಾತ್ರ.

ನಮ್ಮವರು ಮಾಡುವ ಮೊದಲ ತಪ್ಪು ಇಲ್ಲೇ. ‘ಬಸ್ ಹತ್ತಿದೆ’ ಅಂತ ಕನ್ನಡದಲ್ಲಿ ಪ್ರತ್ಯಯ ಬಿಟ್ಟು ಅಭ್ಯಾಸ. ಅದೇ ಧಾಟಿಯಲ್ಲಿ ‘ಒತೊಬುಸ್ ಬಿಂದಿಮ್’ ಅನ್ನುತ್ತಾರೆ.

ಶರಾವತಿ

ಮೇಷ್ಟ್ರೇ, ಎರಡು ಬಾಗಿಲಿನ ಮಾತು ತುಂಬಾ ಹಿಡಿಸಿತು. ಆದರೆ ಮೊದಲ ಬಾಗಿಲಿನವನು ಯಾವ ಆಧಾರದ ಮೇಲೆ ತೀರ್ಮಾನ ಮಾಡುತ್ತಾನೆ? ಅರ್ಥ ನೋಡಿಯಾ? ಹಾಗಿದ್ದರೆ ಪ್ರೀತಿಗೆ ‘ಅನ್ನು’, ದ್ವೇಷಕ್ಕೆ ‘ಇಂದ’ ಯಾಕೆ? ಎರಡೂ ಮನಸ್ಸಿನ ಭಾವನೆಗಳೇ ಅಲ್ವಾ?

ಬರ್ಲಿನ್ ಚಳಿ

ನಾನು ಬರ್ಲಿನ್‌ನಲ್ಲಿ ಹತ್ತು ವರ್ಷದಿಂದ ಇದ್ದೇನೆ. ಕ್ರೊಯ್ಟ್ಸ್‌ಬರ್ಗ್ ಕಡೆ ತುರ್ಕಿ ಮಾತಾಡುವವರು ಜಾಸ್ತಿ. ನಮ್ಮ ಗೋದಾಮಿನಲ್ಲಿ ಅರ್ಧ ಜನ ಅವರೇ. ನಾನು ಕಲಿತದ್ದೆಲ್ಲ ಟೀ ಹೊತ್ತಿನಲ್ಲಿ.

ಅರ್ಥಕ್ಕೂ ವಿಭಕ್ತಿಗೂ ಸಂಬಂಧ ಇದೆ ಅಂತ ನನಗೆ ಮನವರಿಕೆ ಆದದ್ದು ‘ವುರ್ಮಕ್’ನಿಂದ. ಹೊಡೆಯುವುದು ಅಂತ ಅರ್ಥ. ಒಂದು ದಿನ ಇಬ್ಬರು ಕೆಲಸಗಾರರ ನಡುವೆ ಜಗಳ ಆಗಿ, ಒಬ್ಬ ಇನ್ನೊಬ್ಬನ ಭುಜಕ್ಕೆ ಒಂದು ಕೊಟ್ಟ. ದೊಡ್ಡದೇನೂ ಆಗಲಿಲ್ಲ. ಸಂಜೆ ಪಾಳಿಯವನಿಗೆ ನಾನು ಸುದ್ದಿ ಹೇಳಿದೆ: ‘ಒನು ವುರ್ದು.’ ಅವನ ಕೈಯಲ್ಲಿದ್ದ ಪೆಟ್ಟಿಗೆ ಕೆಳಗೆ ಬಿತ್ತು. ‘ಎಲ್ಲಿ? ಯಾವ ಆಸ್ಪತ್ರೆ?’ ಎಂದು ಓಡಿ ಬಂದ. ‘ಒನು ವುರ್ದು’ ಅಂದರೆ ಅವನಿಗೆ ಗುಂಡು ಹೊಡೆದ ಅಂತ! ನಾನು ಹೇಳಬೇಕಾದದ್ದು ‘ಒನಾ ವುರ್ದು’. ಅವನಿಗೆ ಹೊಡೆದ, ಏಟು ಕೊಟ್ಟ. ಇವತ್ತಿಗೂ ಅವನ ಆ ಮುಖ ನೆನಪಿದೆ.

ಆವತ್ತಿನಿಂದ ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ. ‘ಗೆ’ ಬಂದರೆ ಕೈ ಅಲ್ಲಿಯವರೆಗೆ ಹೋಯಿತು, ಮುಟ್ಟಿತು, ಅಷ್ಟೇ. ‘ಅನ್ನು’ ಬಂದರೆ ಕೆಲಸ ಆತನ ಮೇಲೆ ಪೂರ್ತಿ ಆಯಿತು. ಚೆಂಡಿಗೆ ಹೊಡೆದರೆ ‘ತೊಪಾ ವುರ್ದು’. ಚೆಂಡಿಗೇನೂ ಆಗುವುದಿಲ್ಲ, ಉರುಳುತ್ತದೆ.

ಹೊಳೆನರಸೀಪುರ

ಅಯ್ಯೋ, ಇದು ಕನ್ನಡದಲ್ಲೂ ಇದೆಯಲ್ಲಾ! ‘ನಾಯಿಗೆ ಹೊಡೆದ’ ಅಂದರೆ ಒಂದು ಕೋಲಿನೇಟು. ‘ಹುಲಿ ಹೊಡೆದ’ ಅಂದರೆ ಬೇಟೆಯೇ ಆಯಿತು, ಹುಲಿ ಸತ್ತಿತು. ‘ಹುಲಿಗೆ ಹೊಡೆದ’ ಅಂದರೆ ಹುಲಿ ಇನ್ನೂ ಬದುಕಿರಬಹುದು, ಹೊಡೆದವನಿಗೇ ಅಪಾಯ.

ವಿಭಕ್ತಿ ಮೇಷ್ಟ್ರು

ಹೊಳೆನರಸೀಪುರದವರೇ, ತುಂಬಾ ಒಳ್ಳೆಯ ಜೋಡಿ ಕೊಟ್ಟಿರಿ. ಬರ್ಲಿನ್‌ನವರು ಹೇಳಿದ್ದನ್ನೇ ಭಾಷಾಶಾಸ್ತ್ರದಲ್ಲೂ ಹೇಳುತ್ತಾರೆ: ಕ್ರಿಯೆಯಿಂದ ಕರ್ಮಕ್ಕೆ ಎಷ್ಟು ಪರಿಣಾಮ ಆಯಿತು? ಒಡೆ, ಕೊಲ್ಲು, ತೊಳೆ, ಕತ್ತರಿಸು ಇಂಥವುಗಳಲ್ಲಿ ವಸ್ತುವೇ ಬದಲಾಗುತ್ತದೆ. ತುರ್ಕಿಯಲ್ಲಿ ಇವೆಲ್ಲ ‘ಅನ್ನು’ ಕಡೆಯವು. ಮುಟ್ಟು (ದೊಕುನ್ಮಕ್), ನೋಡು (ಬಕ್ಮಕ್), ನಂಬು (ಇನನ್ಮಕ್), ಶುರು ಮಾಡು (ಬಶ್ಲಮಕ್) ಇವುಗಳಲ್ಲಿ ಕೈಯೋ ಕಣ್ಣೋ ಮನಸ್ಸೋ ಆ ಕಡೆಗೆ ತಿರುಗುತ್ತದೆ, ವಸ್ತು ಇದ್ದ ಹಾಗೇ ಇರುತ್ತದೆ. ಇವು ‘ಗೆ’ ಕಡೆಯವು. ಈ ವಿಭಕ್ತಿಗೆ ತುರ್ಕಿ ಹೆಸರು ‘ಯೋನೆಲ್ಮೆ’, ಒಂದು ಕಡೆಗೆ ತಿರುಗುವುದು. ಹೆದರು, ನಾಚಿಕೊಳ್ಳು, ಬೇಸತ್ತುಹೋಗು, ಬಿಟ್ಟುಬಿಡು ಇವುಗಳಲ್ಲಿ ಮನಸ್ಸು ಆ ವಸ್ತುವಿನಿಂದ ಹಿಂದಕ್ಕೆ ಸರಿಯುತ್ತದೆ. ಇವು ‘ಇಂದ’ ಕಡೆಯವು. ಅದಕ್ಕೆ ‘ಅಯ್ರಿಲ್ಮ’ ಎನ್ನುತ್ತಾರೆ, ಬೇರೆಯಾಗುವುದು.

ಶರಾವತಿಯವರ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ. ದ್ವೇಷ ದೂರ ಸರಿಯುವ ಭಾವನೆ, ಹಾಗಾಗಿ ‘ಇಂದ’ ಒಪ್ಪುತ್ತದೆ. ಆದರೆ ಅರ್ಧ ಮಾತ್ರ. ಹೊಶ್ಲನ್ಮಕ್ ಅಂದರೆ ಇಷ್ಟಪಡುವುದು. ಅದಕ್ಕೂ ‘ಇಂದ’ವೇ. ಸೆಂದೆನ್ ಹೊಶ್ಲನಿಯೊರುಮ್, ನೀನು ನನಗೆ ಇಷ್ಟ. ಇಲ್ಲಿ ದೂರ ಸರಿಯುವ ಮಾತೇ ಇಲ್ಲ. ಆ ಖುಷಿಯ ಮೂಲ ನೀನು, ಅದು ನಿನ್ನಿಂದ ಬಂತು ಎಂದು ಹೇಳಬಹುದು. ಆದರೆ ಕಾರಣ ಬೇರೆಯೂ ಇದೆ. ‘ಹೊಶ್’ (ಹಿತವಾದ) ಎಂಬ ಪದಕ್ಕೆ ‘ಲನ್’ ಹಚ್ಚಿ ಆದ ಕ್ರಿಯಾಪದ ಅದು. ‘ಲನ್’ ಹಚ್ಚಿ ಆದ ಪದಗಳು ಸಾಮಾನ್ಯವಾಗಿ ಅಕರ್ಮಕ. ಅಲ್ಲಿ ‘ಅನ್ನು’ ಕೂರುವುದಕ್ಕೆ ಜಾಗವೇ ಇರುವುದಿಲ್ಲ. ಶುಪ್ಹೆಲೆನ್ಮೆಕ್ (ಅನುಮಾನಪಡು), ಯರರ್ಲನ್ಮಕ್ (ಉಪಯೋಗ ಪಡೆದುಕೊಳ್ಳು) ಕೂಡ ಹಾಗೇ, ಎರಡಕ್ಕೂ ‘ಇಂದ’. ಅಂದರೆ ಪದ ಕಟ್ಟಿದ ರೀತಿಗೂ ಇದರಲ್ಲಿ ಪಾಲಿದೆ. ಅರ್ಥ ಒಂದರಿಂದಲೇ ಎಲ್ಲವನ್ನೂ ವಿವರಿಸಲು ಹೋದರೆ ಎಲ್ಲೋ ಒಂದು ಕಡೆ ಸುಳ್ಳು ಹೇಳಬೇಕಾಗುತ್ತದೆ.

ಹೆದರುವುದರ ಬಗ್ಗೆ ಒಂದು ಮಾತು ಬಿಟ್ಟಿದ್ದೆ. ಕೋಪೆಕ್ತೆನ್ ಕೊರ್ಕ್ತುಮ್, ನಾಯಿಗೆ ಹೆದರಿದೆ. ಕೋಪೆಕ್ ಬೆನಿ ಕೊರ್ಕುತ್ತು, ನಾಯಿ ನನ್ನನ್ನು ಹೆದರಿಸಿತು. ಹೆದರುವವನಿಂದ ನಾಯಿಗೆ ಏನೂ ಆಗುವುದಿಲ್ಲ, ಹಾಗಾಗಿ ನಾಯಿಗೆ ‘ಅನ್ನು’ ಇಲ್ಲ. ಹೆದರಿಸಿದಾಗ ನನಗೆ ಏನೋ ಆಗುತ್ತದೆ, ಅದಕ್ಕೇ ನನಗೆ ‘ಅನ್ನು’. ಕನ್ನಡದಲ್ಲೂ ಹೆದರು, ಹೆದರಿಸು ಇದೇ ದಾರಿಯಲ್ಲಿ ನಡೆಯುತ್ತವೆ. ನಮ್ಮದು ‘ಗೆ’, ಅವರದು ‘ಇಂದ’ ಅಷ್ಟೇ.

ಬೋಸ್ಫರಸ್ ದಂಡೆ

ಮೇಷ್ಟ್ರೇ, ಕಣ್ಣು ತೆರೆಸಿದಿರಿ. ಆದರೂ ನನ್ನ ಮನೆ ಪ್ರಶ್ನೆ ಹಾಗೇ ಉಳಿಯಿತು. ಬಕ್ಮಕ್ ‘ಗೆ’ ಕಡೆಯದು, ‘ಗೆ’ ಬಿಡುವಂತಿಲ್ಲ ಅಂದಿರಿ. ‘ಎವ್ ಬಕಿಯೊರುಜ್’ನಲ್ಲಿ ಬಿಟ್ಟಿದ್ದಾರಲ್ಲ?

ವಿಭಕ್ತಿ ಮೇಷ್ಟ್ರು

ಬಿಟ್ಟಿಲ್ಲ. ಅಲ್ಲಿ ಬಕ್ಮಕ್‌ನ ಅರ್ಥವೇ ಬೇರೆ. ಈ ಒಂದು ಕ್ರಿಯಾಪದವನ್ನು ನಿಧಾನವಾಗಿ ನೋಡಿ, ನಿಮ್ಮ ಇಡೀ ಪ್ರಶ್ನೆ ಇದರೊಳಗೇ ಇದೆ.

ಎವೆ ಬಕ್ತಿಮ್. ಮನೆಯ ಕಡೆ ಕಣ್ಣು ಹಾಯಿಸಿದೆ. ಕಣ್ಣು ಅಲ್ಲಿಗೆ ಹೋಯಿತು, ‘ಗೆ’ ಸರಿ.
ಚೊಜುಗಾ ಬಕಿಯೊರ್. ಮಗುವಿನ ಕಡೆ ನೋಡುತ್ತಿದ್ದಾಳೆ, ಅಥವಾ ಮಗುವನ್ನು ನೋಡಿಕೊಳ್ಳುತ್ತಿದ್ದಾಳೆ. ಗಮನ ಅತ್ತ ಇದೆ, ‘ಗೆ’ ಸರಿ. ನಿಮ್ಮ ತೆಯ್ಜೆ ಹಿಡಿದದ್ದು ಈ ಅರ್ಥವನ್ನು.
ಎವ್ ಬಕಿಯೊರುಜ್. ಇಲ್ಲಿ ನೋಡುವುದಕ್ಕೆ ಮನೆಯೇ ಇನ್ನೂ ಇಲ್ಲ! ಹುಡುಕುತ್ತಿದ್ದೀರಿ. ಕಣ್ಣು ಹೋಗಿ ನಿಲ್ಲುವ ಜಾಗ ಇಲ್ಲ. ಬಕ್ಮಕ್ ಇಲ್ಲಿ ‘ಹುಡುಕು’ ಆಗಿದೆ. ಹುಡುಕು (ಅರಮಕ್) ‘ಅನ್ನು’ ಕಡೆಯದು. ಹಾಗಾಗಿ ಬಕ್ಮಕ್ ಕೂಡ ಆ ಬಾಗಿಲಿಗೆ ಬಂತು. ಅಲ್ಲಿ ಎರಡನೇ ವಿಚಾರಣೆ: ಗೊತ್ತಿರುವ ಮನೆಯಾ? ಅಲ್ಲ, ಯಾವುದೋ. ಪ್ರತ್ಯಯ ಇಲ್ಲ.

ಮನೆ ಸಿಕ್ಕಿದ ಮೇಲೆ, ಬೀಗ ತೆಗೆಸಿ ಒಳಗೆ ಹೋಗಿ ನೋಡಿದರೆ, ‘ಒ ಎವೆ ಬಕ್ತಿಕ್’. ಆ ಮನೆ ನೋಡಿದೆವು. ‘ಎ’ ವಾಪಸ್ ಬಂತು.

ಕನ್ನಡದಲ್ಲಿ ‘ಮನೆ ನೋಡ್ತಾ ಇದ್ದೀವಿ’ ಅಂದರೂ ಹುಡುಕಾಟವೇ. ‘ಮನೆಯನ್ನು ನೋಡ್ತಾ ಇದ್ದೀವಿ’ ಅಂದರೆ ಎದುರಿಗೆ ಒಂದು ಮನೆ ನಿಂತಿದೆ. ನಮ್ಮಲ್ಲಿ ಪ್ರತ್ಯಯ ಇದ್ದರೆ ಒಂದು, ಇಲ್ಲದಿದ್ದರೆ ಒಂದು. ತುರ್ಕಿಯಲ್ಲಿ ಕ್ರಿಯಾಪದವೇ ಬಾಗಿಲು ಬದಲಾಯಿಸಿತು.

ಶರಾವತಿ

ಹಾಗಾದರೆ ‘ಹೆಣ್ಣು ನೋಡಲು ಹೋದರು’ ಕೂಡ ಹೀಗೇ! ಮನುಷ್ಯರ ವಿಷಯದಲ್ಲಿ ಕನ್ನಡದಲ್ಲಿ ‘ಅನ್ನು’ ಬಿಡುವುದು ಕಷ್ಟ. ‘ನಾನು ಹುಡುಗಿ ನೋಡಿದೆ’ ಅಂತ ದಾರಿಯಲ್ಲಿ ಕಂಡವಳ ಬಗ್ಗೆ ಹೇಳಿದರೆ ಕಿವಿಗೆ ಹಿತವಾಗಿಲ್ಲ. ಆದರೆ ‘ಹೆಣ್ಣು ನೋಡು’, ‘ಹೆಣ್ಣು ಕೇಳು’ ಅನ್ನುವಾಗ ಮಾತ್ರ ಬರಿ ಪದವೇ ಸಾಕು.

ಬರ್ಲಿನ್ ಚಳಿ

ಅಕ್ಕಾ, ತುರ್ಕಿಯಲ್ಲಿ ಅದಕ್ಕೆ ‘ಕಿಜ್ ಇಸ್ತೆಮೆಕ್’ ಎನ್ನುತ್ತಾರೆ. ಅಕ್ಷರಕ್ಕೆ ಅಕ್ಷರ ‘ಹೆಣ್ಣು ಕೇಳು’. ಗಂಡಿನ ಕಡೆಯವರು ಹೂವು, ಚಾಕೊಲೇಟ್ ಹಿಡಿದು ಹೋಗುತ್ತಾರೆ. ಹುಡುಗಿ ಕಾಫಿ ಮಾಡಿ ತರುತ್ತಾಳೆ. ಹುಡುಗನ ಲೋಟಕ್ಕೆ ಉಪ್ಪು ಹಾಕುವ ರೂಢಿ ಇದೆ, ಅವನು ಮುಖ ಕಿವುಚದೆ ಕುಡಿಯಬೇಕು. ನಮ್ಮ ಸಹೋದ್ಯೋಗಿಯ ತಮ್ಮನಿಗೆ ಹೀಗೆ ಹೋಗಿದ್ದರು. ಹೊರಡುವ ಮೊದಲು ಹೇಳಿದ್ದು ‘ಕಿಜ್ ಇಸ್ತೆಮೆಯೆ ಗಿದಿಯೊರುಜ್’, ಹೆಣ್ಣು ಕೇಳೋಕೆ ಹೋಗ್ತಿದ್ದೀವಿ. ಮಾರನೇ ದಿನ ಹೇಳಿದ್ದು ‘ಕಿಜಿ ಇಸ್ತೆದಿಕ್’, ಆ ಹುಡುಗಿಯನ್ನು ಕೇಳಿದೆವು. ಒಂದೇ ರಾತ್ರಿಯಲ್ಲಿ ‘ಕಿಜ್’ ‘ಕಿಜಿ’ ಆಯಿತು.

ಮಗನಿಗೆ ಹುಡುಗಿ ಹುಡುಕುತ್ತಿರುವ ತಾಯಿ ‘ಒಗ್ಲುಮಾ ಕಿಜ್ ಬಕಿಯೊರುಮ್’ ಅನ್ನುತ್ತಾಳೆ. ಮೇಷ್ಟ್ರು ಹೇಳಿದ ಅದೇ ಬಕ್ಮಕ್, ಅದೇ ಬರಿ ಪದ.

ಹೊಳೆನರಸೀಪುರ

ಮೀನು ಹಿಡಿಯುವುದಕ್ಕೂ ಹೀಗೇನಾ? ಇಸ್ತಾಂಬುಲ್ ಚಿತ್ರಗಳಲ್ಲಿ ಸೇತುವೆ ತುಂಬಾ ಗಾಳ ಹಿಡಿದವರೇ ಕಾಣುತ್ತಾರೆ.

ಬೋಸ್ಫರಸ್ ದಂಡೆ

ಅದು ಗಲತಾ ಸೇತುವೆ. ಹೌದು, ‘ಬಲಿಕ್ ತುತುಯೊರ್ಲರ್’, ಮೀನು ಹಿಡಿಯುತ್ತಿದ್ದಾರೆ. ಒಂದು ಮೀನೂ ಸಿಗದಿದ್ದರೂ ಹಾಗೇ ಹೇಳಬಹುದು. ಒಂದು ನಿರ್ದಿಷ್ಟ ಮೀನು ಕೈಗೆ ಬಂದರೆ ಆಗ ಪ್ರತ್ಯಯ ಹಚ್ಚುತ್ತಾರೆ.

ಸೇತುವೆಯ ಮಾತು ಬಂದಾಗ ನೆನಪಾಯಿತು. 1973ರಲ್ಲಿ ಶುರುವಾದ ಬೋಸ್ಫರಸ್ ಸೇತುವೆ ಮೇಲೆ ದಿನಾ ಆಫೀಸಿಗೆ ಹೋಗುತ್ತೇನೆ. ಚಾಲಕರು ಒಮ್ಮೆ ‘ಕೋಪ್ರುದೆನ್ ಗೆಚ್ತಿಕ್’ ಅನ್ನುತ್ತಾರೆ, ಒಮ್ಮೆ ‘ಕೋಪ್ರುಯು ಗೆಚ್ತಿಕ್’. ಮೊದಲನೆಯದು ‘ಸೇತುವೆ ಮೇಲಿಂದ ಹೋದೆವು’, ದಾರಿ ಯಾವುದು ಅನ್ನುವ ಮಾತು. ಎರಡನೆಯದು ‘ಸೇತುವೆಯನ್ನು ದಾಟಿದೆವು’, ಆ ಕಡೆ ಮುಟ್ಟಿದೆವು, ಸೇತುವೆ ಮುಗಿಯಿತು. ಬರ್ಲಿನ್‌ನವರು ಹೇಳಿದ ‘ಪೂರ್ತಿ ಆಯಿತು’ ಅನ್ನುವುದು ಇಲ್ಲೂ ಕಾಣುತ್ತದೆ ಅಂತ ನನಗನಿಸುತ್ತದೆ.

ವಿಭಕ್ತಿ ಮೇಷ್ಟ್ರು

ಸರಿಯಾಗಿ ಹಿಡಿದಿರಿ. ತಿನ್ನುವುದರಲ್ಲೂ ಇದೇ. ಕೆಕಿ ಯೆದಿಮ್, ಕೇಕನ್ನು ತಿಂದೆ, ತಟ್ಟೆ ಖಾಲಿ. ಕೆಕ್ತೆನ್ ಯೆದಿಮ್, ಕೇಕಿನಲ್ಲಿ ಸ್ವಲ್ಪ ತಿಂದೆ, ಉಳಿದದ್ದು ಅಲ್ಲೇ ಇದೆ.

ಮೈಸೂರು ಪೇಟ

ಚರ್ಚೆ ಚೆನ್ನಾಗಿದೆ, ಆದರೆ ಒಂದು ಕಡೆ ನನಗೆ ಒಪ್ಪಿಗೆ ಇಲ್ಲ. ಎಲ್ಲದಕ್ಕೂ ಅರ್ಥದ ಕಾರಣ ಹುಡುಕುತ್ತಿದ್ದೀರಿ. ‘ಎತ್ಮೆಕ್’ (ಮಾಡು) ಸೇರಿದ ಕ್ರಿಯಾಪದಗಳನ್ನು ನೋಡಿ. ಸನಾ ಯರ್ದಿಮ್ ಎತ್ತಿಮ್, ನಿನಗೆ ಸಹಾಯ ಮಾಡಿದೆ. ಸೆನಿ ದವೆತ್ ಎತ್ತಿಮ್, ನಿನ್ನನ್ನು ಕರೆದೆ. ಸೆಂದೆನ್ ನೆಫ್ರೆತ್ ಎತ್ತಿಮ್, ನಿನ್ನನ್ನು ದ್ವೇಷಿಸಿದೆ. ಮೂರರಲ್ಲೂ ‘ಮಾಡು’ ಒಂದೇ, ವಿಭಕ್ತಿ ಮಾತ್ರ ಮೂರು ಬಗೆ. ಫೋನ್ ಮಾಡುವುದನ್ನು ನೋಡಿ. ಸನಾ ತೆಲೆಫೊನ್ ಎತ್ತಿಮ್ ಅಂದರೂ ಸೆನಿ ಅರದಿಮ್ ಅಂದರೂ ‘ನಿನಗೆ ಫೋನ್ ಮಾಡಿದೆ’ ಅಂತಲೇ. ಕೆಲಸ ಒಂದೇ, ಪರಿಣಾಮ ಒಂದೇ. ಒಂದರಲ್ಲಿ ‘ಗೆ’, ಇನ್ನೊಂದರಲ್ಲಿ ‘ಅನ್ನು’. ಇಲ್ಲಿ ಪರಿಣಾಮದ ಮಾತು ಎಲ್ಲಿ ನಿಲ್ಲುತ್ತದೆ?

ವಿಭಕ್ತಿ ಮೇಷ್ಟ್ರು

ನೀವು ಕೇಳಿದ್ದು ನ್ಯಾಯವೇ. ಫೋನಿನ ಜೋಡಿಗೆ ನನ್ನ ಉತ್ತರ ಇಷ್ಟು. ಅರಮಕ್ ಮೊದಲಿಗೆ ‘ಹುಡುಕು’. ದೊಕ್ತೊರ್ ಅರಿಯೊರುಮ್ ಅಂದರೆ ಯಾರಾದರೂ ಒಬ್ಬ ಡಾಕ್ಟರ್ ಬೇಕು. ದೊಕ್ತೊರು ಅರಿಯೊರುಮ್ ಅಂದರೆ ನಮ್ಮ ಡಾಕ್ಟರನ್ನು ಹುಡುಕುತ್ತಿದ್ದೇನೆ, ಅಥವಾ ಅವರಿಗೆ ಫೋನ್ ಮಾಡುತ್ತಿದ್ದೇನೆ. ಫೋನಿನ ಅರ್ಥಕ್ಕೆ ಬಂದ ಮೇಲೂ ಅದು ತನ್ನ ಹಳೆಯ ವಿಭಕ್ತಿಯನ್ನು ಬಿಡಲಿಲ್ಲ. ತೆಲೆಫೊನ್ ಎತ್ಮೆಕ್‌ನಲ್ಲಿ ಕರ್ಮದ ಜಾಗದಲ್ಲಿ ‘ತೆಲೆಫೊನ್’ ಆಗಲೇ ಕೂತಿದೆ, ಮನುಷ್ಯ ‘ಗೆ’ ಹಿಡಿದು ಪಕ್ಕದಲ್ಲಿ ನಿಲ್ಲುತ್ತಾನೆ. ಯರ್ದಿಮ್‌ಗೂ ಹೀಗೇ. ಆದರೆ ದವೆತ್ ಎತ್ಮೆಕ್‌ನಲ್ಲಿ ‘ದವೆತ್’ ಕೂತಿದ್ದರೂ ಮನುಷ್ಯನಿಗೆ ‘ಅನ್ನು’ ಬರುತ್ತದೆ. ಅಲ್ಲಿ ಎರಡು ಪದ ಬೆಸೆದು ಒಂದೇ ಕ್ರಿಯಾಪದ ಆಗಿಬಿಟ್ಟಿದೆ. ಯಾವುದು ಬೆಸೆಯುತ್ತದೆ, ಯಾವುದು ಬೆಸೆಯುವುದಿಲ್ಲ ಎಂದು ಮೊದಲೇ ಹೇಳಲು ಆಗುವುದಿಲ್ಲ. ಇದನ್ನು ಕಲಿತೇ ತಿಳಿಯಬೇಕು.

ಆದರೆ ‘ಗೆ’ ಮತ್ತು ‘ಅನ್ನು’ ಸುಮ್ನೆ ವೇಷ ಅಲ್ಲ ಅನ್ನುವುದಕ್ಕೆ ಒಂದು ಗಟ್ಟಿ ಸಾಕ್ಷಿ ಇದೆ. ಕರ್ಮಣಿ ಪ್ರಯೋಗ ಮಾಡಿ ನೋಡಿ. ಕಿತಾಬಿ ಒಕುದುಮ್ ತಿರುಗಿದರೆ ಕಿತಾಪ್ ಒಕುಂದು, ಪುಸ್ತಕ ಓದಲ್ಪಟ್ಟಿತು. ಪ್ರತ್ಯಯ ಹೋಯಿತು, ಪುಸ್ತಕ ಕರ್ತೃವಿನ ಜಾಗಕ್ಕೆ ಬಂತು. ಯರ್ದಿಮ್ ತಿರುಗಿದರೆ ‘ಒನಾ ಯರ್ದಿಮ್ ಎದಿಲ್ದಿ’. ‘ಒನಾ’ (ಅವನಿಗೆ) ಅಲುಗಾಡಲಿಲ್ಲ. ‘ಅನ್ನು’ ಹಿಡಿದವನು ಮೇಲಕ್ಕೆ ಹೋಗಬಲ್ಲ, ‘ಗೆ’ ಹಿಡಿದವನು ಇದ್ದಲ್ಲೇ ಇರುತ್ತಾನೆ.

ಮೈಸೂರು ಪೇಟ

ಇದನ್ನು ಒಪ್ಪುತ್ತೇನೆ. ಸಾಕ್ಷಿ ಗಟ್ಟಿ ಇದೆ. ಕಲಿಯುವವರಿಗೆ ಒಂದು ಉಪಯೋಗದ ಮಾತು ಸೇರಿಸುತ್ತೇನೆ. ತುರ್ಕಿ ಭಾಷಾ ಸಂಸ್ಥೆ, ಅಂದರೆ 1932ರಲ್ಲಿ ಶುರುವಾದ ತ್ಯುರ್ಕ್ ದಿಲ್ ಕುರುಮು, ತನ್ನ ನಿಘಂಟಿನಲ್ಲಿ ಕ್ರಿಯಾಪದಗಳ ಪಕ್ಕದಲ್ಲೇ ವಿಭಕ್ತಿ ಹಾಕುತ್ತದೆ. ‘-ಎ’ ಅಂತಲೋ, ‘-ದೆನ್’ ಅಂತಲೋ, ‘-ಇ’ ಅಂತಲೋ. ಕರ್ಮ ಬೇಡದ್ದಕ್ಕೆ ‘ಎನ್ ಎಸ್ ಜೆಡ್’ ಎಂದು ಚುಟುಕಾಗಿ ಇರುತ್ತದೆ, ನೆಸ್ನೆಸಿಜ್, ಕರ್ಮವಿಲ್ಲದ್ದು. ಒಂದೇ ಪದಕ್ಕೆ ಅರ್ಥ ಬದಲಾದಾಗ ಗುರುತೂ ಬದಲಾಗುತ್ತದೆ. ಪದವನ್ನು ಒಂಟಿಯಾಗಿ ಕಲಿಯಬೇಡಿ. ‘ಬಕ್ಮಕ್’ ಅಂತ ಬರೆದುಕೊಳ್ಳುವ ಬದಲು ‘ಒನಾ ಬಕ್ಮಕ್’ ಅಂತ ಬರೆದುಕೊಳ್ಳಿ.

ಶರಾವತಿ

ನಾನೂ ಒಂದು ಜೋಡಿ ಹಾಕಲಾ? ನಮ್ಮ ಕಡೆ ‘ಬಸ್ಸಿಗೆ ಕಾಯ್ತಾ ಇದ್ದೀನಿ’ ಅಂದರೆ ಬಸ್ ಬರಲಿ ಅಂತ. ‘ಗದ್ದೆ ಕಾಯ್ತಾ ಇದ್ದೀನಿ’ ಅಂದರೆ ಕಾವಲು. ಕ್ರಿಯಾಪದ ಒಂದೇ, ಬೇರೆ ಮಾಡಿದ್ದು ‘ಗೆ’. ತುರ್ಕಿಯಲ್ಲಿ ಹೇಗೆ?

ಬರ್ಲಿನ್ ಚಳಿ

ಅಲ್ಲಿ ಎರಡಕ್ಕೂ ಬೆಕ್ಲೆಮೆಕ್, ಎರಡಕ್ಕೂ ‘ಅನ್ನು’ ದಾರಿಯೇ. ಒತೊಬುಸ್ ಬೆಕ್ಲಿಯೊರುಮ್, ಬಸ್ಸಿಗೆ ಕಾಯುತ್ತಿದ್ದೇನೆ. ನೋಬೆತ್ ಬೆಕ್ಲಿಯೊರುಮ್, ಕಾವಲು ಕಾಯುತ್ತಿದ್ದೇನೆ. ಕಾವಲುಗಾರನಿಗೆ ಬೆಕ್ಚಿ ಎನ್ನುತ್ತಾರೆ. ನಮ್ಮ ಗೋದಾಮಿನ ಬೆಕ್ಚಿಗೆ ಇದನ್ನು ಓದಿ ಹೇಳುತ್ತೇನೆ, ಖುಷಿಪಡುತ್ತಾರೆ. ಇಲ್ಲಿ ನಮ್ಮ ಭಾಷೆ ಬಿಡಿಸಿ ಹೇಳಿದ್ದನ್ನು ಅವರದ್ದು ಒಂದೇ ಮಾಡಿದೆ.

ಇದಕ್ಕೆ ತಿರುಗಿಸಿದ್ದು ಸೊರ್ಮಕ್, ಕೇಳು. ‘ಅಮ್ಮ ನಿನ್ನನ್ನು ಕೇಳಿದರು’ ಅಂದರೆ ನಮ್ಮಲ್ಲಿ ಎರಡು ಅರ್ಥ. ನಿನಗೆ ಪ್ರಶ್ನೆ ಕೇಳಿದರು, ಅಥವಾ ನೀನು ಹೇಗಿದ್ದೀಯ ಅಂತ ವಿಚಾರಿಸಿದರು. ತುರ್ಕಿಯಲ್ಲಿ ಬೇರೆ ಬೇರೆ. ‘ಅನ್ನೆಮ್ ಸನಾ ಸೊರ್ದು’ ಅಂದರೆ ಪ್ರಶ್ನೆ ನಿನ್ನ ಕಡೆಗೆ ಬಂತು. ‘ಅನ್ನೆಮ್ ಸೆನಿ ಸೊರ್ದು’ ಅಂದರೆ ನಿನ್ನ ಬಗ್ಗೆಯೇ ವಿಚಾರಿಸಿದರು, ಕೇಳಿದ ವಿಷಯವೇ ನೀನು.

ಸಾಗರದ ಅಡಿಕೆ

ಹೊಸಬ, ಒಂದು ಸಣ್ಣ ಸಂದೇಹ. ‘ಟೀ ನನಗೆ ಇಷ್ಟ’ ಅನ್ನುವುದಕ್ಕೆ ‘ಚಾಯ್ ಸೆವೆರಿಮ್’ ಅಂತಲೂ ‘ಚಾಯಿ ಸೆವೆರಿಮ್’ ಅಂತಲೂ ಕೇಳಿದ್ದೇನೆ. ಎರಡನೆಯದಕ್ಕೆ ‘ಆ ನಿರ್ದಿಷ್ಟ ಟೀ’ ಅಂತ ಅರ್ಥವಾ?

ವಿಭಕ್ತಿ ಮೇಷ್ಟ್ರು

ಇಲ್ಲ, ಎರಡರಲ್ಲೂ ಟೀ ಅನ್ನುವ ವಸ್ತುವೇ. ಕ್ರಿಯಾಪದದ ಅರ್ಥ ಎರಡನೇ ಬಾಗಿಲಿಗೂ ಕೈ ಹಾಕುತ್ತದೆ ಅನ್ನುವುದಕ್ಕೆ ಇದು ಉದಾಹರಣೆ, ಕೇಳಿದ್ದು ಒಳ್ಳೆಯದಾಯಿತು. ಪ್ರೀತಿಸುವುದಕ್ಕೆ ಒಂದು ಬಿಡಿ ವಸ್ತುವೇ ಬೇಕಿಲ್ಲ, ಒಂದು ಇಡೀ ಜಾತಿಯನ್ನೇ ಪ್ರೀತಿಸಬಹುದು. ಹಾಗಾಗಿ ಸೆವ್ಮೆಕ್ ಜೊತೆ ಪ್ರತ್ಯಯ ಬಂದರೂ ‘ಟೀ ಎಂಬುದನ್ನು’ ಎಂದಾಗುತ್ತದೆ. ಒಕುಮಕ್ ಜೊತೆ ‘ಕಿತಾಬಿ ಒಕುದುಮ್’ ಅಂದರೆ ಹಾಗಾಗುವುದಿಲ್ಲ. ಓದಿದ್ದು ಕೈಯಲ್ಲಿದ್ದ ಪುಸ್ತಕವನ್ನೇ.

ಇನ್ನೊಂದು. ‘ತುಂಬಾ ಇಷ್ಟ’ ಅನ್ನಬೇಕಾದರೆ ‘ಚಾಯಿ ಚೊಕ್ ಸೆವೆರಿಮ್’. ನಡುವೆ ‘ಚೊಕ್’ (ತುಂಬಾ) ಬಂತು ನೋಡಿ. ಬರಿ ಪದ ಕ್ರಿಯಾಪದಕ್ಕೆ ಅಂಟಿಕೊಂಡೇ ಇರಬೇಕು. ನಡುವೆ ಹೀಗೆ ಬೇರೆ ಪದ ಬಂದರೆ ಪ್ರತ್ಯಯ ಹಾಕಿಕೊಂಡೇ ದೂರ ನಿಲ್ಲಬೇಕು.

ಬೋಸ್ಫರಸ್ ದಂಡೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮನೆ ಸಿಕ್ಕಿತು, ಇದೇ ಬೀದಿಯಲ್ಲಿ ನಾಲ್ಕು ಕಟ್ಟಡ ಆಚೆ. ಇವತ್ತು ಸಾಮಾನು ಸಾಗಿಸುವಾಗ ತೆಯ್ಜೆ ಬಂದರು, ಒಂದು ಪಾತ್ರೆಯಲ್ಲಿ ಸಾರ್ಮಾ ತಂದಿದ್ದರು. ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಿ ಬೇಯಿಸಿದ್ದು. ನಿನ್ನೆ ರಾತ್ರಿ ಅಮ್ಮ ಧಾರವಾಡದಿಂದ ಫೋನಿನಲ್ಲಿ ‘ಆ ಕೆಳಗಿನ ಮನೆಯವರು ಹೇಗಿದ್ದಾರೆ?’ ಎಂದು ಕೇಳಿದ್ದರು. ನಾನು ಒಂದು ಕ್ಷಣ ನಿಂತು, ಮನಸ್ಸಿನಲ್ಲಿ ಬಾಗಿಲು ನೋಡಿಕೊಂಡು, ‘ಅನ್ನೆಮ್ ಸಿಜಿ ಸೊರ್ದು’ ಎಂದೆ. ‘ಸಿಜೆ’ (ನಿಮಗೆ) ಅಲ್ಲ, ‘ಸಿಜಿ’ (ನಿಮ್ಮನ್ನು).

ತೆಯ್ಜೆ ಪಾತ್ರೆಯನ್ನು ಕೆಳಗಿಟ್ಟು ಎದೆ ಮೇಲೆ ಕೈ ಇಟ್ಟುಕೊಂಡರು. ‘ಅನ್ನೆನೆ ಸೆಲಾಮ್ ಸೋಯ್ಲೆ’ ಎಂದರು. ನಿನ್ನ ಅಮ್ಮನಿಗೆ ನಮಸ್ಕಾರ ಹೇಳು. ಅಮ್ಮನಿಗೆ ‘ಎ’ ಇತ್ತು, ಸೆಲಾಮ್‌ಗೆ ಏನೂ ಇರಲಿಲ್ಲ.